ಪಿಯುಸಿ 61 ಪರ್ಸೆಂಟ್, ಕನ್ನಡ ಮೀಡಿಯಂ, ನದಾಫ್ ಹುಡುಗಿ. ಕ್ಲಾಟ್ (ಲಾ ಪ್ರವೇಶ ಪರೀಕ್ಷಾ) ಬರೀಬೇಕಾ ಬ್ಯಾಡಾ?

ಗಾದಿಮನಿ_ಹುಡುಗಿ
ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಇಲ್ಲಿ ಓದಾಕತ್ತೀನಿ, ಬರಿಯೂದು ಇದ ಮೊದಲು. ನಮ್ದು ಗದಗ ಜಿಲ್ಲಾದಾಗ ಒಂದು ಸಣ್ಣ ಊರು. ಅಪ್ಪಾರು ಗಾದಿ ಹೊಲಿತಾರ, ಹತ್ತಿ ಹಿಂಜೂ ಮಷೀನು ಪಡಸಾಲ್ಯಾಗ ಐತಿ, ಅದರ ಸಪ್ಪಳದಾಗ ನಾನು ಎಸ್ಸೆಸ್ಸೆಲ್ಸಿ ಪಿಯುಸಿ ಎರಡೂ ಓದಿದ್ದು. ನಾವು ನದಾಫ್‌ರು, ಪಿಂಜಾರ ಅಂತಾರಲ್ರಿ ಅದು. ಮನ್ಯಾಗ ಕನ್ನಡಾನ ಮಾತಾಡೂದು. 10ನೇತ್ತದ ತನಕ ಸರ್ಕಾರಿ ಸಾಲಿ, ಕನ್ನಡ ಮೀಡಿಯಂ, ಆಮ್ಯಾಲ ಪಿಯುಸಿ ಆರ್ಟ್ಸ್, 61 ಪರ್ಸೆಂಟ್. ಈ ವರ್ಷ ಮನ್ಯಾಗ ಅದೀನಿ.

ಲಾ ಯಾಕ ಅಂದ್ರ, ಅಪ್ಪಾರದ್ದು ಒಂದು ಅಂಗಡಿ ಬಾಡಿಗಿ ಕೇಸು ಏಳು ವರ್ಷ ನಡೀತು. ತಾರೀಖು ಬಂದಾಗೊಮ್ಮೆ ನಾನ ಅವರ ಜೋಡಿ ಕೋರ್ಟಿಗೆ ಹೋಗ್ತಿದ್ದೆ, ನೋಟಿಸು ಓದಾಕ ಬರಾಕಿ ಮನ್ಯಾಗ ನಾನೊಬ್ಬಾಕಿ. ಇಂಗ್ಲಿಷಿನ್ಯಾಗ ವಕೀಲರು ಏನು ಬರದಾರ ನನಗೂ ಅರ್ಧ ತಿಳೀತಿರಲಿಲ್ಲ, ಆದ್ರೂ ತಿಳದಂಗ ಮಾಡಿ ಅಪ್ಪಾರಿಗೆ ಹೇಳ್ತಿದ್ದೆ. ಕೇಸು ಸೋತ್ವಿ.

ಈಗ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಕ್ಲಾಟ್ ಬರೀತೀನಿ ಅಂದ್ರ ನಮ್ಮ ಕಾಲೇಜಿನ ಸರ್ರು ನಕ್ಕರು, 61ಕ್ಕ ಅಲ್ಲಿ ಗೇಟಿನ ಹತ್ರಾನೂ ನಿಲ್ಲಿಸಿಕೊಳ್ಳೂದಿಲ್ಲ ಅಂದ್ರು. ಹೌದೇನ್ರಿ? ಮೈನಾರಿಟಿ ಕೋಟಾ ಐತೇನು? ಸಿಇಟಿಯಾಗ ಕನ್ನಡ ಮೀಡಿಯಂ ಕೋಟಾ ಇರ್ತದಲ್ಲ, ಹಂಗ ಇದಕ್ಕೂ ಐತೇನು? ಕೋಚಿಂಗಿಗೆ ರೊಕ್ಕ ಇಲ್ಲ. ಖರೇ ಖರೇ ಹೇಳ್ರಿ, ಬೇಜಾರಾಗೂದಿಲ್ಲ.

ಕಪ್ಪುಕೋಟು_ಹುಬ್ಳಿ
ನಿಮ್ಮ ಸರ್ರಿಗೆ ಗೊತ್ತಿಲ್ಲ. ಕ್ಲಾಟ್ ಬರಿಯಾಕ 12ನೇತ್ತದಾಗ 45 ಪರ್ಸೆಂಟ್ ಸಾಕು, ಎಸ್‌ಸಿ ಎಸ್‌ಟಿಗೆ 40. ಅಷ್ಟ ದಾಟಿದ ಮ್ಯಾಲ 61 ಇರಲಿ 97 ಇರಲಿ ಎರಡೂ ಒಂದ. ಉಳಿದದ್ದು ಸಂಜಿಗೆ ಬರೀತೀನಿ, ಈಗ ಕೋರ್ಟಿನ್ಯಾಗ ಅದೀನಿ.

ಮೈಸೂರು_ಮಸಾಲೆ
ಹೌದು, ಪಿಯುಸಿ ಮಾರ್ಕ್ಸ್ ಲೆಕ್ಕಕ್ಕೆ ಬರೋದು ಕೆಎಸ್‌ಎಲ್‌ಯು (ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ) ಕಾಲೇಜುಗಳಿಗೆ, ಅಲ್ಲಿ ಐದು ವರ್ಷದ ಕೋರ್ಸಿಗೆ ಪಿಯು ಮೆರಿಟ್ ಮೇಲೆ ಸೀಟು. ಎನ್‌ಎಲ್‌ಎಸ್‌ಗೆ, ಅಂದ್ರೆ ಆ ನ್ಯಾಷನಲ್ ಲಾ ಸ್ಕೂಲಿಗೆ, ಬರೀ ಕ್ಲಾಟ್ ರ‍್ಯಾಂಕು. ಎರಡನ್ನೂ ಒಂದೇ ಅಂದ್ಕೊಂಡಿರ್ತಾರೆ ಈ ಲೆಕ್ಚರರ್‌ಗಳು.

ನ್ಯೂಜೆರ್ಸಿ_ಕನ್ನಡಿಗ
ನೋಡಮ್ಮ, ನಾನು ಇಲ್ಲಿ 22 ವರ್ಷದಿಂದ ಇದೀನಿ, ನನ್ನ ಮಗಳು ಲಾ ಸ್ಕೂಲ್‌ಗೆ ಅಪ್ಲೈ ಮಾಡಿದಾಗ ನಮ್ದೂ ಇದೇ ತಲೆನೋವು. ಕಾಲೇಜ್ ಗ್ರೇಡ್ ಸುಮಾರು, ಎಲ್‌ಸ್ಯಾಟ್ (ಅಮೆರಿಕದ ಲಾ ಪ್ರವೇಶ ಪರೀಕ್ಷೆ) ಪರವಾಗಿಲ್ಲ, 180ಕ್ಕೆ 166. ಗ್ರೇಡ್ ಯಾಕೆ ಕಡಿಮೆ ಆಯ್ತು ಅಂತ ಬೇರೆ ಅರ್ಧ ಪುಟ ಬರೆದು ಲಗತ್ತಿಸಬಹುದು, ಅಡೆಂಡಮ್ ಅಂತಾರೆ. ಅದರಲ್ಲಿ ಅಳಬಾರದು, ಏನಾಯ್ತು ಅಷ್ಟೇ ಹೇಳಬೇಕು. ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಇನ್ನೊಂದು, ಅದೇ ಮುಖ್ಯ. 2023ರ ಜೂನ್‌ನಲ್ಲಿ ಹಾರ್ವರ್ಡ್ ಕೇಸಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಜನಾಂಗ ನೋಡಿ ಅಡ್ಮಿಶನ್ ಕೊಡೋದನ್ನ ನಿಲ್ಲಿಸಿಬಿಡ್ತು, ಆದ್ರೂ ಜನಾಂಗ ಅನ್ನೋದು ನಿನ್ನ ಬದುಕನ್ನ ಹೇಗೆ ತಟ್ಟಿತು ಅಂತ ಪ್ರಬಂಧದಲ್ಲಿ ಬರೆಯೋಕೆ ಅಡ್ಡಿಯಿಲ್ಲ ಅಂತ ಚೀಫ್ ಜಸ್ಟಿಸ್ ರಾಬರ್ಟ್ಸ್ ಅದೇ ತೀರ್ಪಲ್ಲಿ ಹೇಳಿದಾರೆ. ನಿಮ್ಮಪ್ಪನ ಕೋರ್ಟಿನ ಕಥೆ ಇದೆಯಲ್ಲ, ಅದನ್ನೇ ಬರಿ, ಓದಿದವರ ಕಣ್ಣಲ್ಲಿ ನೀರು ಬರ್ಬೇಕು.

ಕೋಚಿಂಗ್_ಸಂತ್ರಸ್ತ
ಸಾರ್ ಕ್ಲಾಟಲ್ಲಿ ಗೋಲ ತುಂಬೋದು ಬಿಟ್ರೆ ಬೇರೇನೂ ಬರೆಯೋಕೆ ಜಾಗ ಇಲ್ಲ 😂 ಓಎಂಆರ್ ಶೀಟಿನ ಕಣ್ಣಲ್ಲಿ ನೀರು ಬರಲ್ಲ

ನ್ಯೂಜೆರ್ಸಿ_ಕನ್ನಡಿಗ
ಓ ಹೌದಾ, ಇಂಟರ್ವ್ಯೂನೂ ಇಲ್ವಾ? ಹಾಗಾದ್ರೆ ಇಂಥ ಮಕ್ಕಳಿಗೆ ಕಷ್ಟನೇ. ಇಲ್ಲಿ ಕಥೆಗೂ ಒಂದು ಬೆಲೆ ಇದೆ.

ಮೈಸೂರು_ಮಸಾಲೆ
ಆ ಕಥೆ ತಿದ್ದಿಕೊಡೋಕೆ ಅಲ್ಲಿ ಕನ್ಸಲ್ಟೆಂಟ್‌ಗಳು ದುಡ್ಡು ತಗೋತಾರಲ್ಲ ಸಾರ್, ಅಲ್ಲೂ ಬಡವರ ಕಥೆ ಬಡವರ ಹತ್ರನೇ ಉಳಿಯುತ್ತೆ. ಗೋಲ ಆದ್ರೆ ಎಲ್ಲರಿಗೂ ಒಂದೇ ಸೈಜು.

ನ್ಯೂಜೆರ್ಸಿ_ಕನ್ನಡಿಗ
ಅದೂ ನಿಜ. ನಾವೂ ಕೊಟ್ಟಿದೀವಿ, ಎಷ್ಟು ಅಂತ ಕೇಳ್ಬೇಡಿ.

ಕಪ್ಪುಕೋಟು_ಹುಬ್ಳಿ
ತಂಗಿ, ಈಗ ಸಾವಕಾಶ ಕೇಳು.

ನಾಗರಭಾವಿಯೊಳಗ, ಅಂದ್ರ ಆ ನ್ಯಾಷನಲ್ ಲಾ ಸ್ಕೂಲಿನ್ಯಾಗ, ಮೈನಾರಿಟಿ ಕೋಟಾ ಅಂತ ಇಲ್ಲ. ಕನ್ನಡ ಮೀಡಿಯಂ ಕೋಟಾನೂ ಇಲ್ಲ, ರೂರಲ್ ಕೋಟಾನೂ ಇಲ್ಲ, ಅವೆಲ್ಲಾ ನಮ್ಮ ಸಿಇಟಿ ಲೆಕ್ಕ. ಅಲ್ಲಿ ಇರೂದು ಎಸ್‌ಸಿ 15, ಎಸ್‌ಟಿ 7.5, ಓಬಿಸಿ 27, ಇಡಬ್ಲ್ಯೂಎಸ್ (ಬ್ಯಾರೆ ಮೀಸಲಾತಿ ಇಲ್ಲದ ಬಡವರು) 10. ಇವು ಮನಿ ಕಂಬ ಇದ್ದಂಗ, ನೆಟ್ಟಗ ನಿಂತಿರ್ತಾವು. ಇವುಗಳ ಮ್ಯಾಲೆ ಅಡ್ಡಕ ತೊಲಿ ಹಾಯ್ದಾವು, ಹೆಣ್ಣಮಕ್ಕಳಿಗೆ 30, ಅಂಗವಿಕಲರಿಗೆ 5, ಕರ್ನಾಟಕದಾಗ ಕಮ್ಮಿ ಅಂದ್ರ 10 ವರ್ಷ ಓದಿದವರಿಗೆ 25. ಅಡ್ಡಕ ಅಂದ್ರ ಏನು? ಓಬಿಸಿ ಸೀಟಿನೊಳಗನೂ ಕಾಲು ಭಾಗ ಕರ್ನಾಟಕದಾಗ ಓದಿದವರಿಗೆ ಅಂತ ಇಟ್ಟಿರ್ತಾರ. ನೀ ನದಾಫ್, ಹೆಣ್ಣಹುಡುಗಿ, ಒಂದನೇತ್ತದಿಂದ ಇಲ್ಲೇ ಓದೀದಿ. ಒಂದು ಕಂಬ, ಎರಡು ತೊಲಿ ನಿನ್ನ ಕಡಿ ಅದಾವು. ನಿಮ್ಮ ಸರ್ರು ಗೇಟು ಅಂದ್ರಲ್ಲ, ಆ ಗೇಟಿನ ಲೆಕ್ಕ ಇದು.

ಆದ್ರ ಎಲ್ಲಾರೂ ಬೀಳೂದು ಒಂದ ಕಡಿ. ನಿನ್ನ ಹತ್ರ ಇರೂದು ಪ್ರವರ್ಗ-1 ಅಂತ ಬರದಿದ್ದ ರಾಜ್ಯದ ಸರ್ಟಿಫಿಕೇಟು. ಅಲ್ಲಿ ಅದು ನಡಿಯೂದಿಲ್ಲ. ಕೇಂದ್ರ ಸರ್ಕಾರದ ನಮೂನೆಯ ಓಬಿಸಿ ನಾನ್ ಕ್ರೀಮಿ ಲೇಯರ್ (ಸಿರಿವಂತರಲ್ಲದ ಹಿಂದುಳಿದವರು ಅಂತ) ಸರ್ಟಿಫಿಕೇಟ್ ಬೇಕು. ಪಿಂಜಾರ ನದಾಫ್ ಕೇಂದ್ರದ ಪಟ್ಟಿಯಾಗೂ ಅದಾರ, ಆ ಚಿಂತಿ ಬ್ಯಾಡ. ತಹಶೀಲ್ದಾರ್ ಆಫೀಸಿನ್ಯಾಗ ಕೇಳಬೇಕಾದ್ರ "ಕೇಂದ್ರದ ನಮೂನೆ" ಅಂತ ಮೂರು ಸಲ ಹೇಳು. ಇಲ್ಲಂದ್ರ ಕಂಪ್ಯೂಟರ್ ಮುಂದ ಕುಂತಾವ ರೂಢಿ ಮ್ಯಾಲೆ ರಾಜ್ಯದ್ದ ತೆಗದು ಕೈಯಾಗ ಇಡ್ತಾನ.

ತುಮಕೂರು_ಟೈಲ್ಸ್
ಈ ಮೇಲಿನ ಮಾತನ್ನ ಯಾರಾದ್ರೂ ನಂಗೆ ಎರಡು ವರ್ಷದ ಹಿಂದೆ ಹೇಳಿದ್ರೆ ಅವರ ಕಾಲಿಗೆ ಬೀಳ್ತಿದ್ದೆ. ನಮ್ದು 2ಬಿ, ರಾಜ್ಯದಲ್ಲಿ ಮುಸ್ಲಿಮರಿಗೆ ಇರೋ ಮೀಸಲಾತಿ. ಮಗ ಕ್ಲಾಟ್ ಬರ್ದ, ರ‍್ಯಾಂಕು ಓಬಿಸಿಗೆ ಸಾಕಾಗೋ ಹಾಗೆ ಬಂತು, ಸೀಟು ಅಲಾಟ್ ಕೂಡ ಆಯ್ತು, ಮನೆಯಲ್ಲಿ ಬಿರಿಯಾನಿನೂ ಆಯ್ತು. ಡಾಕ್ಯುಮೆಂಟ್ ವೆರಿಫಿಕೇಷನ್‌ನಲ್ಲಿ ಸರ್ಟಿಫಿಕೇಟ್ ತೆಗೆದು ನೋಡಿ ಇದು ನಮ್ಗೆ ಬರಲ್ಲ ಅಂದ್ರು. ಯಾವ ಕಾಲೇಜು ಅಂತ ಹೇಳಲ್ಲ, ಅವರ ತಪ್ಪೂ ಅಲ್ಲ ಅದು. ಸರ್ಟಿಫಿಕೇಟಲ್ಲಿ ಜಾತಿ ಶೇಖ್ ಅಂತ ಇದೆ. ರಾಜ್ಯದಲ್ಲಿ ನಾವು 2ಬಿ ಒಳಗೆ ಬರ್ತೀವಿ, ಆದ್ರೆ ಕರ್ನಾಟಕಕ್ಕೆ ಇರೋ ಕೇಂದ್ರದ ಓಬಿಸಿ ಪಟ್ಟಿಯಲ್ಲಿ ಶೇಖ್, ಸೈಯದ್, ಪಠಾಣ್ ಇವರನ್ನೆಲ್ಲ ಬಿಟ್ಟಿದಾರೆ. ನಮ್ಮ ಬೀದಿಯಲ್ಲಿ ಎಲ್ಲರೂ ಮುಸ್ಲಿಮರೇ, ಒಂದೇ ಮಸೀದಿ, ಒಂದೇ ಬಡತನ, ಆದ್ರೆ ದಿಲ್ಲಿ ಪಟ್ಟಿಯಲ್ಲಿ ಒಬ್ಬ ಒಳಗೆ ಇನ್ನೊಬ್ಬ ಹೊರಗೆ. ಮಗ ಜನರಲ್ ಆದ, ಸೀಟು ಹೋಯ್ತು. ಇಡಬ್ಲ್ಯೂಎಸ್‌ಗೆ ಹಾಕ್ಬಹುದಿತ್ತು ಅಂತ ಆಮೇಲೆ ಗೊತ್ತಾಯ್ತು, ಫಾರ್ಮಲ್ಲಿ ಟಿಕ್ ಮಾಡಿರ್ಲಿಲ್ಲ. ಈಗ ಇಲ್ಲೇ ಲೋಕಲ್ ಕಾಲೇಜಲ್ಲಿ ಸೆಕೆಂಡ್ ಇಯರ್, ಚೆನ್ನಾಗೇ ಓದ್ತಿದಾನೆ. ನಂಗೇ ಇನ್ನೂ ಅರಗಿಲ್ಲ.

ಮೈಸೂರು_ಮಸಾಲೆ
2ಬಿ ಅಂದ್ರೆ 4 ಪರ್ಸೆಂಟ್ ತಾನೇ, ಅದನ್ನ 2023ರಲ್ಲಿ ತೆಗೆದುಬಿಟ್ರಲ್ಲ?

ಕಪ್ಪುಕೋಟು_ಹುಬ್ಳಿ
ತಗದು ಆದೇಶ ಮಾಡಿದ್ರು, ಸುಪ್ರೀಂ ಕೋರ್ಟಿಗೆ ಹೋತು, ಜಾರಿ ಆಗಲಿಲ್ಲ. ಈಗೂ ಐತಿ. ಆದ್ರ ಅದು ರಾಜ್ಯದ ಲೆಕ್ಕ, ಕ್ಲಾಟಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಬ್ಯಾರೆ ರಾಜ್ಯದ ಭಾಳಷ್ಟು ಎನ್‌ಎಲ್‌ಯುದಾಗ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ) ಓಬಿಸಿ ಸೀಟು ಆಯಾ ರಾಜ್ಯದವರಿಗೆ ಅಷ್ಟ. ಪ್ರಿಫರೆನ್ಸ್ ಪಟ್ಟಿ ತುಂಬೂ ಮುಂದ ಒಂದೊಂದು ಕಾಲೇಜಿಂದೂ ಓದಿಕೊಂಡು ತುಂಬಬೇಕು.

ಮೆರಿಟ್_ಮಾತ್ರ
ಕ್ಷಮಿಸಿ, ನೇರವಾಗಿ ಹೇಳ್ತೀನಿ. 61 ತಗೊಂಡು ದೇಶದ ನಂಬರ್ ಒನ್ ಕಾಲೇಜಿಗೆ ಕಂಬ ತೊಲೆ ಅಂತ ಲೆಕ್ಕ ಹಾಕ್ಕೊಂಡು ಕೂರೋದು ಸರಿನಾ? ನನ್ನ ತಂಗಿಗೆ ಪಿಯುನಲ್ಲಿ 96, ಕ್ಲಾಟ್‌ನಲ್ಲಿ ಮುನ್ನೂರರ ಆಸುಪಾಸು ರ‍್ಯಾಂಕು, ಎನ್‌ಎಲ್‌ಎಸ್ ಸಿಗ್ಲಿಲ್ಲ. ಅವಳ ಸೀಟು ಯಾರಿಗೆ ಹೋಯ್ತು?

ಬಯಲುಸೀಮೆ
ಅವಳ ಸೀಟು ಅಂತ ಬೋರ್ಡ್ ಹಾಕಿತ್ತಾ ಗುರು

ಕೋಚಿಂಗ್_ಸಂತ್ರಸ್ತ
ತಂಗಿ ಎರಡು ವರ್ಷ ಕೋಚಿಂಗ್ ಹೋಗಿರ್ತಾಳೆ ಅಲ್ವಾ? ಫೀಸ್ ಎಷ್ಟು ಕಟ್ಟಿದ್ರಿ ಅಂತ ಮೊದ್ಲು ಹೇಳಿ, ಆಮೇಲೆ ಮೆರಿಟ್ ಮಾತಾಡೋಣ. ನಾನೂ ಹೋಗಿದ್ದೆ, ಒಂದು ಲಕ್ಷ ಚಿಲ್ಲರೆ, ರ‍್ಯಾಂಕು ಬಂದಿದ್ದು ಒಂಬತ್ತು ಸಾವಿರ ಚಿಲ್ಲರೆ. ರೂಪಾಯಿಗೆ ಇಷ್ಟು ಅಂತ ಲೆಕ್ಕ ಹಾಕಿ ನಮ್ಮಪ್ಪ ಇವತ್ತಿಗೂ ಬೈತಾರೆ.

ಹಳೇ_ಎನ್‌ಎಲ್‌ಯು
ಮೆರಿಟ್ ಅವರೇ, ನಾನು ಒಂದು ಎನ್‌ಎಲ್‌ಯುನಲ್ಲಿ ಐದು ವರ್ಷ ಓದಿ ಬಂದವನು, ಎಸ್‌ಸಿ. ಯಾವುದು ಅಂತ ಹೇಳಲ್ಲ. ಮೊದಲನೇ ವಾರ ಹಾಸ್ಟೆಲ್‌ನಲ್ಲಿ ಯಾರೂ ನಿನ್ನ ಜಾತಿ ಯಾವುದು ಅಂತ ಕೇಳಲ್ಲ, ಎಲ್ಲ ಡೀಸೆಂಟ್ ಮಕ್ಕಳು. ನಿನ್ನ ರ‍್ಯಾಂಕ್ ಎಷ್ಟು ಅಂತಾರೆ. ಹೇಳಿದ ತಕ್ಷಣ ಮುಖದಲ್ಲಿ ಒಂದು ಸಣ್ಣ "ಓಹ್" ಬರುತ್ತೆ, ಅಷ್ಟೇ, ಅಲ್ಲಿಂದ ಮುಂದೆ ಮೂಟ್ ಕೋರ್ಟ್ (ಅಣಕು ನ್ಯಾಯಾಲಯದ ವಾದ ಸ್ಪರ್ಧೆ) ಟೀಮಿಗೆ ನಿನ್ನ ಕರೆಯೋದು ಮರೆತುಹೋಗುತ್ತೆ. ನಾನು ಎರಡನೇ ವರ್ಷದಿಂದ ಸುಳ್ಳು ರ‍್ಯಾಂಕ್ ಹೇಳೋಕೆ ಶುರು ಮಾಡಿದ್ದೆ, ಯಾರೂ ಚೆಕ್ ಮಾಡ್ಲಿಲ್ಲ, ಆಮೇಲೆ ನನ್ನ ಇಂಗ್ಲಿಷೂ ಅವರಿಗೆ ಚೆನ್ನಾಗಿ ಕೇಳಿಸೋಕೆ ಶುರುವಾಯ್ತು 😀

ತಂಗಿ, ನಿನ್ನ ಹೆದರಿಸೋಕೆ ಹೇಳ್ತಿಲ್ಲ. ಒಳಗೆ ಹೋದ ಮೇಲೆ ಮೊದಲ ಎರಡು ಟ್ರೈಮೆಸ್ಟರೋ ಸೆಮಿಸ್ಟರೋ ಬಹಳ ಕಷ್ಟ, ಪ್ರಾಜೆಕ್ಟು, ಫುಟ್‌ನೋಟು, ಮೇಷ್ಟ್ರ ಉಚ್ಚಾರಣೆ ಎಲ್ಲ ಹೊಸದು. ಮೂರನೇ ವರ್ಷಕ್ಕೆ ಬರೋ ಹೊತ್ತಿಗೆ ಅಂತರ ತುಂಬಾ ಕಡಿಮೆ ಆಗಿರುತ್ತೆ. ಇದು ಗೊತ್ತಿದ್ದು ಹೋಗೋದಕ್ಕೂ ಗೊತ್ತಿಲ್ಲದೆ ಹೋಗೋದಕ್ಕೂ ವ್ಯತ್ಯಾಸ ಇದೆ. ನಂಗೆ ಯಾರೂ ಹೇಳಿರ್ಲಿಲ್ಲ, ಹಾಗಾಗಿ ನನ್ನ ತಲೆಯಲ್ಲೇ ಏನೋ ಕಮ್ಮಿ ಇದೆ ಅಂದ್ಕೊಂಡು ಒಂದು ವರ್ಷ ಕಳೆದೆ.

ಕೋಚಿಂಗ್ ದುಡ್ಡಿಗೆ: ಇಡಿಯಾ ಅಂತ ಒಂದು ಸಂಸ್ಥೆ ಇದೆ, ಶಮ್ನಾದ್ ಬಷೀರ್ ಅಂತ ಎನ್‌ಎಲ್‌ಎಸ್‌ನಲ್ಲೇ ಓದಿದ ಪ್ರೊಫೆಸರ್ 2010ರಲ್ಲಿ ಶುರು ಮಾಡಿದ್ದು. ಬಡವರ ಮನೆ ಮಕ್ಕಳನ್ನ ಹುಡುಕಿ ಕ್ಲಾಟ್‌ಗೆ ತಯಾರು ಮಾಡ್ತಾರೆ, ಸೀಟು ಸಿಕ್ರೆ ಆಮೇಲೂ ಕೈ ಬಿಡಲ್ಲ. ಪುಣ್ಯಾತ್ಮ 2019ರಲ್ಲಿ ತೀರಿಕೊಂಡ್ರು, ಅದೂ ನಮ್ಮ ಚಿಕ್ಕಮಗಳೂರಿನ ಕಡೆಯೇ. ಸಂಸ್ಥೆ ನಡೀತಿದೆ, ಕರ್ನಾಟಕದಲ್ಲೂ ಅವರ ಹುಡುಗರು ಇದಾರೆ. ನಿನ್ನ ವಿಷಯ ಬರೆದು ಇವತ್ತೇ ಮೇಲ್ ಹಾಕು, ಕನ್ನಡದಲ್ಲೇ ಬರಿ ಪರವಾಗಿಲ್ಲ.

ಮೆರಿಟ್_ಮಾತ್ರ
ಕೋಚಿಂಗ್ ಒಂದೂವರೆ ಲಕ್ಷ. ಸರಿ. ಆದ್ರೂ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಉಳ್ಳಾಲ_ಎಕ್ಸ್‌ಪ್ರೆಸ್
ಪ್ರಶ್ನೆಯೇ ಬೇರೆ ಕೇಳ್ಬೇಕು ಮಾರ್ರೆ. ಎನ್‌ಎಲ್‌ಎಸ್ಸೇ ಯಾಕೆ ಬೇಕು? ಜಸ್ಟಿಸ್ ಅಬ್ದುಲ್ ನಜೀರ್ ಅವರು ನಮ್ಮ ಮೂಡುಬಿದ್ರೆ ಹತ್ರದ ಬೆಳುವಾಯಿಯವರು. ಮೂಡುಬಿದ್ರೆಯಲ್ಲಿ ಡಿಗ್ರಿ, ಮಂಗಳೂರಿನ ಎಸ್‌ಡಿಎಂನಲ್ಲಿ ಲಾ, 1983ರಲ್ಲಿ ವಕೀಲಿಕೆ ಶುರು. ಯಾವ ಹೈಕೋರ್ಟಿಗೂ ಮುಖ್ಯ ನ್ಯಾಯಮೂರ್ತಿ ಆಗದೆ 2017ರಲ್ಲಿ ಸೀದಾ ಸುಪ್ರೀಂ ಕೋರ್ಟಿಗೆ ಹೋದ್ರು. 2023ರಲ್ಲಿ ಆಂಧ್ರದ ರಾಜ್ಯಪಾಲರಾದ್ರು. ಯಾವ ಕ್ಲಾಟೂ ಇರಲಿಲ್ಲ, ಯಾವ ಕೋಚಿಂಗೂ ಇರಲಿಲ್ಲ. ಊರಿನ ಕಾಲೇಜು ಸಾಕು, ತಲೆ ಬೇಕು ಅಷ್ಟೇ.

ಹಳೇ_ಎನ್‌ಎಲ್‌ಯು
ಅವರು ಓದೋ ಕಾಲಕ್ಕೆ ಎನ್‌ಎಲ್‌ಎಸ್ ಹುಟ್ಟೇ ಇರ್ಲಿಲ್ಲ ಸಾರ್, ಮೊದಲ ಬ್ಯಾಚು 1988ರದ್ದು. ಕ್ಲಾಟ್ ಬಂದಿದ್ದು 2008ಕ್ಕೆ. ಅವತ್ತು ಎಲ್ಲರೂ ಊರಿನ ಕಾಲೇಜೇ. ಈಗ ದೊಡ್ಡ ಲಾ ಫರ್ಮುಗಳು ಕ್ಯಾಂಪಸ್ಸಿಗೆ ಬರೋದು ಎಲ್ಲಿಗೆ ಹೇಳಿ.

ಉಳ್ಳಾಲ_ಎಕ್ಸ್‌ಪ್ರೆಸ್
ಈ ಹುಡುಗಿಗೆ ಫರ್ಮ್ ಬೇಕು ಅಂತ ಯಾರು ಹೇಳಿದ್ದು? ಅವಳಿಗೆ ಗದಗ ಕೋರ್ಟಿನಲ್ಲಿ ಬಾಡಿಗೆ ಕೇಸು ನಡೆಸ್ಲಿಕ್ಕೆ ಉಂಟು. ಅದಕ್ಕೆ ಕಾರ್ಪೊರೇಟ್ ಲಾ ಯಾಕೆ?

ಗಾದಿಮನಿ_ಹುಡುಗಿ
ಸರ್ರ ನಾನು ಎಲ್ಲಿ ವಕೀಲಕಿ ಮಾಡಬೇಕು ಅಂತ ಇನ್ನಾ ಠರಾವ್ ಮಾಡಿಲ್ಲರಿ. ನೀವs ಜಗಳ ಮಾಡಿ ಠರಾವ್ ಮಾಡಬ್ಯಾಡ್ರಿ 🙏

ಬಯಲುಸೀಮೆ
ಹುಡುಗಿ ಈಗಲೇ ವಕೀಲೆ ಆಗೋಳು ಬಿಡಿ

ಕಪ್ಪುಕೋಟು_ಹುಬ್ಳಿ
ಉಳ್ಳಾಲದವರ ಮಾತಿನ್ಯಾಗ ಅರ್ಧ ಖರೆ ಐತಿ, ಅದನ್ನ ಬಿಡಬಾರದು. ನಾನs ಕೆಎಸ್‌ಎಲ್‌ಯುದಾವ. ನಮ್ಮ ಪ್ರಶ್ನೆಪತ್ರಿಕಿ ಇಂಗ್ಲಿಷ್ ಕನ್ನಡ ಎರಡರಾಗೂ ಇರ್ತದ, ಉತ್ತರ ಒಂದs ಭಾಷಾದಾಗ ಪೂರ್ತಿ ಬರೀಬೇಕು ಅಂತ ಮ್ಯಾಲೆ ಸೂಚನಾ ಕೊಟ್ಟಿರ್ತಾರ. ನಾ ಐದೂ ವರ್ಷ ಕನ್ನಡದಾಗ ಬರದು ಪಾಸಾದಾವ, ಬಾರ್ ಕೌನ್ಸಿಲ್ ಪರೀಕ್ಷಾನೂ ಕನ್ನಡದಾಗ ಬರದೆ, ಇವತ್ತು ದಿನಾ ನಾಕೈದು ಮ್ಯಾಟರು ಇರ್ತಾವು. ತಾಲೂಕು ಕೋರ್ಟಿನ್ಯಾಗ ಕನ್ನಡದಾಗ ನೆಟ್ಟಗ ಅರ್ಜಿ ಬರಿಯೂ ವಕೀಲರಿಗೆ ಈಗೂ ಬರ ಐತಿ. ಆದ್ರ ಧಾರವಾಡ ಹೈಕೋರ್ಟ್ ಪೀಠದಾಗ ನಿಂತಾಗ ನನ್ನ ಇಂಗ್ಲಿಷು ಕೈ ಕೊಡ್ತದ, ಬ್ರೀಫು ಸೀನಿಯರಿಗೆ ಕೊಟ್ಟು ಹಿಂದ ಕುಂದರ್ತೀನಿ. ಅದು ನನಗ ಇವತ್ತಿಗೂ ಚುಚ್ಚತದ. ಹಂಗಾಗಿ ತಂಗೀಗೆ ನಾ ಹೇಳೂದು, ಕ್ಲಾಟ್ ಬರಿ, ಕೆಎಸ್‌ಎಲ್‌ಯುಕ್ಕೂ ಅರ್ಜಿ ಹಾಕು, ಎರಡೂ ಕೈಯಾಗ ಇಟಗೋ. ಓಬಿಸಿಗೆ ಅಲ್ಲಿ 42 ಇದ್ರ ಸಾಕು, ನಿನ್ನ 61ಕ್ಕ ಎಲ್ಲರೆ ಒಂದು ಕಡಿ ಸೀಟು ಆಗ್ತದ.

ಹಾಸನ_ಟೀಚರ್
ಇಷ್ಟು ಹೊತ್ತು ಎಲ್ಲರೂ ಸೀಟಿನ ಲೆಕ್ಕ ಹೇಳಿದ್ರಿ, ಪರೀಕ್ಷೆ ಹೇಗಿರುತ್ತೆ ಅಂತ ಒಬ್ಬರೂ ಹೇಳ್ಲಿಲ್ಲ ನೋಡಿ. ನಾನು ಪಿಯು ಕಾಲೇಜಲ್ಲಿ ಇಂಗ್ಲಿಷ್ ಹೇಳ್ಕೊಡ್ತೀನಿ, ವರ್ಷಕ್ಕೆ ಒಬ್ಬಿಬ್ಬರನ್ನ ಕ್ಲಾಟಿಗೆ ಕೂರಿಸ್ತೀನಿ.

ಮಗು, 120 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಮಾರ್ಕು ಕಟ್. 2020ರಿಂದ ಎಲ್ಲವೂ ಪ್ಯಾಸೇಜ್ ಮೇಲೆ, ಸುಮಾರು 450 ಪದದ ಒಂದು ತುಂಡು ಕೊಟ್ಟು ಅದರ ಮೇಲೆ ನಾಕೈದು ಪ್ರಶ್ನೆ. ಲೀಗಲ್ ಒಂದು 30, ಕರೆಂಟ್ ಅಫೇರ್ಸ್ ಒಂದು 30, ಲಾಜಿಕಲ್ಲೂ ಇಂಗ್ಲಿಷೂ ಇಪ್ಪತ್ತೈದರ ಹತ್ತಿರ, ಲೆಕ್ಕ ಹನ್ನೆರಡೋ ಹದಿಮೂರೋ. ಪೂರ್ತಿ ಇಂಗ್ಲಿಷಲ್ಲೇ. ಬೇರೆ ಭಾಷೆಗಳಲ್ಲೂ ಮಾಡಿ ಅಂತ 2023ರಲ್ಲಿ ದಿಲ್ಲಿ ಹೈಕೋರ್ಟಿಗೆ ಒಬ್ಬರು ಅರ್ಜಿ ಹಾಕಿದ್ರು, ಆದ್ರೆ ನೀನು ಕೂರೋದು ಇಂಗ್ಲಿಷ್ ಪೇಪರಿಗೇ ಅಂತ ತಿಳ್ಕೊ. ಅಂದ್ರೆ ನಿನ್ನ ಶತ್ರು 61 ಅಲ್ಲ, ಓದೋ ಸ್ಪೀಡು. ಒಂದು ಪ್ಯಾಸೇಜಿಗೆ ಐದು ನಿಮಿಷ, ಓದೋದು ಉತ್ತರಿಸೋದು ಎಲ್ಲ ಸೇರಿ.

ಆದ್ರೆ ನೀನು ಬರ್ದಿದ್ದರಲ್ಲಿ ನಂಗೆ ಒಂದು ಸಾಲು ಇಷ್ಟ ಆಯ್ತು. ನೋಟಿಸು ಓದಿ ಅಪ್ಪನಿಗೆ ಹೇಳ್ತಿದ್ದೆ ಅಂದ್ಯಲ್ಲ, ಅದನ್ನೇ ಮುಂದುವರಿಸು. ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಒಂದು ಸಂಪಾದಕೀಯ ಓದು, ಡಿಕ್ಷನರಿ ಮುಟ್ಟಬೇಡ, ಓದಿ ಮುಗಿಸಿ ಅಪ್ಪನ ಹತ್ರ ಕೂತು ಕನ್ನಡದಲ್ಲಿ ಹೇಳು. ಎಲ್ಲಿ ತಡವರಿಸ್ತೀಯೋ ಅಲ್ಲಿ ನಿಂಗೆ ಅರ್ಥ ಆಗಿಲ್ಲ ಅಂತ. ಆಮೇಲೆ ಡಿಕ್ಷನರಿ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳನ್ನ ಕನ್ನಡಕ್ಕೂ ಮಾಡಿಸಿ ಅವರ ವೆಬ್‌ಸೈಟಲ್ಲೇ ಹಾಕ್ತಿದಾರೆ, ಅದರ ಇಂಗ್ಲಿಷು ಕನ್ನಡ ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡು ಒಂದೆರಡು ಪುಟ ಓದು. ಕನ್ನಡ ಸ್ವಲ್ಪ ಸರ್ಕಾರಿ ಗೆಜೆಟ್ ಥರ ಇರುತ್ತೆ, ಸಹಿಸ್ಕೊ.

ಗಾದಿಮನಿ_ಹುಡುಗಿ
ಟೀಚರ, ಒಂದು ಸಂಪಾದಕೀಯ ಓದಾಕ ನನಗ ಇವತ್ತು ಒಂದು ತಾಸು ಹತ್ತು ನಿಮಿಷ ಹಿಡೀತು. ಅಪ್ಪಾರು ಕೇಳಿ "ಇದರಾಗ ಕಡೀಕ ಯಾರು ಗೆದ್ದರು" ಅಂದ್ರು. ಸಂಪಾದಕೀಯದಾಗ ಯಾರೂ ಗೆಲ್ಲೂದಿಲ್ಲ ಅಂದೆ.

ಹಾಸನ_ಟೀಚರ್
😂 ಒಂದು ಗಂಟೆ ಹತ್ತು ನಿಮಿಷ ಅಂತ ಬರೆದಿಟ್ಕೊ. ಪ್ರತಿ ಭಾನುವಾರ ಮತ್ತೆ ಅಳೆಯೋಣ.

ಕೋಚಿಂಗ್_ಸಂತ್ರಸ್ತ
ಒಂದು ಮಾತು, ಪರೀಕ್ಷೆ ಮಾಡೋರೂ ಏನೂ ಮಹಾ ಅಲ್ಲ. 2024 ಡಿಸೆಂಬರ್‌ನಲ್ಲಿ ನಡೆದ ಪೇಪರ್‌ನ ಕೀ ಆನ್ಸರ್‌ಗಳೇ ತಪ್ಪು ಅಂತ ಹೈಕೋರ್ಟಿಗೆ ಹೋಗಿ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಮೇ ತಿಂಗಳಲ್ಲಿ ರ‍್ಯಾಂಕ್ ಲಿಸ್ಟೇ ಬದಲಾಯ್ತು. ಐದಾರು ತಿಂಗಳು ಮಕ್ಕಳು ಅಡ್ಮಿಶನ್ನೂ ಇಲ್ಲ ಏನೂ ಇಲ್ಲ. ಲಾ ಪರೀಕ್ಷೆ ಬಗ್ಗೆನೇ ಲಾ ಪಾಯಿಂಟು.

ಮೈಸೂರು_ಮಸಾಲೆ
ಮೆರಿಟ್ ಅವರೇ, ಒಂದೇ ಹುಡುಗ ಡಿಸೆಂಬರ್‌ನಲ್ಲಿ ಒಂದು ರ‍್ಯಾಂಕು ಮೇನಲ್ಲಿ ಇನ್ನೊಂದು ರ‍್ಯಾಂಕು. ಯಾವ ತಿಂಗಳ ಮೆರಿಟ್ ತಗೊಳ್ಳೋಣ?

ಮೆರಿಟ್_ಮಾತ್ರ
ಅದು ಬೇರೆ ವಿಷಯ ಮಾರಾಯ್ರೆ. ಆಯ್ತು, ನಾನು ಆ ಹುಡುಗಿಗೆ ಬೈದಿಲ್ಲ, ವ್ಯವಸ್ಥೆ ಬಗ್ಗೆ ಹೇಳಿದ್ದು. ತಂಗಿಯ ಹಳೇ ಮಾಕ್ ಪೇಪರ್‌ಗಳ ಒಂದು ಕಟ್ಟು ಇದೆ, ಐವತ್ತರ ಹತ್ರ ಇರಬಹುದು, ಬೇಕಾದ್ರೆ ಕಳಿಸ್ತೀನಿ. ಕೆಲವದ್ರಲ್ಲಿ ಪೆನ್ಸಿಲಲ್ಲಿ ಗೀಚಿದಾಳೆ.

ಬಯಲುಸೀಮೆ
ಇದು ಬಂತು ನೋಡಿ ಮೆರಿಟ್

ಗಾದಿಮನಿ_ಹುಡುಗಿ
ಅಣ್ಣಾರ ಬೇಕ್ರಿ. ಗೀಚಿದ್ರ ನಡೀತೈತಿ.

ತುಮಕೂರು_ಟೈಲ್ಸ್
ದುಡ್ಡಿನ ವಿಷಯ ಯಾರೂ ಎತ್ತಿಲ್ಲ, ನಾನು ಸುಟ್ಕೊಂಡೋನು ಹೇಳ್ತೀನಿ. ಅರ್ಜಿಗೆ 4000, ಓಬಿಸಿಗೂ ಅಷ್ಟೇ, ಎಸ್‌ಸಿ ಎಸ್‌ಟಿಗೆ ಮತ್ತು ಬಿಪಿಎಲ್‌ನವರಿಗೆ 3500. ಬಿಪಿಎಲ್ ಕಾರ್ಡ್ ಇದ್ರೆ ಅದನ್ನ ತೋರಿಸು. ಆಮೇಲೆ ಕೌನ್ಸೆಲಿಂಗ್‌ಗೆ ಕರೆದ್ರೆ ರಿಜಿಸ್ಟರ್ ಆಗೋಕೇ ಮೀಸಲಾತಿಯವರಿಗೆ 20 ಸಾವಿರ ಕೇಳಿದ್ರು, ಜನರಲ್‌ಗೆ 30. ಸೀಟು ಸಿಗದಿದ್ರೆ ವಾಪಸ್ ಬರುತ್ತೆ, ನಮ್ಗೂ ಬಂತು, ಆದ್ರೆ ಆ ದುಡ್ಡು ಹೊಂದಿಸೋಕೆ ಕೊಡೋ ಟೈಮು ಕೈಬೆರಳಲ್ಲಿ ಎಣಿಸೋ ಅಷ್ಟು ದಿನ. ನಾನು ಹೆಂಡ್ತಿ ಬಳೆ ಇಟ್ಟು ಕಟ್ಟಿದ್ದು. ನವೆಂಬರ್‌ನಿಂದಲೇ ಆ 20 ಸಾವಿರ ಒಂದು ಕಡೆ ಎತ್ತಿಡಿ.

ಹಳೇ_ಎನ್‌ಎಲ್‌ಯು
ಸೀಟು ಸಿಕ್ಕ ಮೇಲಿಂದು: ಎನ್‌ಎಲ್‌ಎಸ್ ಹಾಸ್ಟೆಲ್ ಊಟ ಎಲ್ಲ ಸೇರಿ ವರ್ಷಕ್ಕೆ ಮೂರು ಲಕ್ಷದ ಮೇಲೆನೇ. ಕೇಳಿ ಎದೆ ಒಡ್ಕೋಬೇಡ. ಕಾಲೇಜಿಂದೇ ಫೈನಾನ್ಷಿಯಲ್ ಏಯ್ಡ್ ಇದೆ, ಅರ್ಜಿ ಹಾಕ್ಬೇಕು, ಆದಾಯದ ಸರ್ಟಿಫಿಕೇಟ್ ಕೇಳ್ತಾರೆ. ಓಬಿಸಿಗೆ ಕೇಂದ್ರದ್ದು ಟಾಪ್ ಕ್ಲಾಸ್ ಸ್ಕಾಲರ್‌ಶಿಪ್ ಇದೆ, ಮನೆ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು, ಅವರು ನೋಟಿಫೈ ಮಾಡಿದ ಕಾಲೇಜುಗಳ ಲಿಸ್ಟ್ ಇರುತ್ತೆ, ನೋಡ್ಕೊ. ಬ್ಯಾಂಕ್ ಲೋನು ಏಳೂವರೆ ಲಕ್ಷದ ತನಕ ಜಮೀನು ಮನೆ ಅಡ ಇಡದೆ ಕೊಡಬೇಕು, ಅದಕ್ಕೆ ಸರ್ಕಾರದ ಗ್ಯಾರಂಟಿ ಸ್ಕೀಮ್ ಇದೆ. ಮ್ಯಾನೇಜರ್ ಇಲ್ಲ ಅಂದ್ರೆ ಬರೆದು ಕೊಡಿ ಸಾರ್ ಅನ್ನು. ಆಗ ನೆನಪಾಗುತ್ತೆ ಅವರಿಗೆ.

ಮತ್ತೆ ಈ ಸಲ ಆಗದಿದ್ರೆ ಬಾಗಿಲು ಮುಚ್ಚಲ್ಲ. ಕ್ಲಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಡಿಗ್ರಿ ಮುಗಿಸಿ ಎನ್‌ಎಲ್‌ಎಸ್‌ನಲ್ಲೇ ಮೂರು ವರ್ಷದ ಎಲ್‌ಎಲ್‌ಬಿಗೆ ಬರ್ಬಹುದು, 2022ರಿಂದ ಶುರುವಾಗಿದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಅಂತ ಬೇರೆ ಪರೀಕ್ಷೆ, ಅದರಲ್ಲಿ ಗೋಲ ಮಾತ್ರ ಅಲ್ಲ, ಬರೆಯೋದೂ ಇದೆ. ನ್ಯೂಜೆರ್ಸಿ ಸಾರ್ ಖುಷಿಯಾಗ್ತಾರೆ.

ನ್ಯೂಜೆರ್ಸಿ_ಕನ್ನಡಿಗ
ಆಗಿದೀನಿ.

ಉಳ್ಳಾಲ_ಎಕ್ಸ್‌ಪ್ರೆಸ್
ಜಾಮಿಯಾ ಬಗ್ಗೆ ಯಾರೂ ಹೇಳಿಲ್ಲ. ದಿಲ್ಲಿಯ ಜಾಮಿಯಾ ಮಿಲಿಯಾದಲ್ಲಿ ಅರ್ಧ ಸೀಟು ಮುಸ್ಲಿಮರಿಗೆ, ಅದರೊಳಗೆ ಮುಸ್ಲಿಂ ಹೆಣ್ಣುಮಕ್ಕಳಿಗೆ ಅಂತಲೇ 10 ಪರ್ಸೆಂಟ್ ಬೇರೆ ಉಂಟು, ಮುಸ್ಲಿಂ ಓಬಿಸಿ ಎಸ್‌ಟಿಗೆ 10 ಬೇರೆ. ಫೀಸೂ ಎನ್‌ಎಲ್‌ಎಸ್ ಮುಂದೆ ಏನೇನೂ ಅಲ್ಲ. ಮೈನಾರಿಟಿ ಕೋಟಾ ಅಂತ ನೀನು ಕೇಳಿದ್ದು ನಿಜವಾಗಿ ಇರೋದು ಅಲ್ಲಿ.

ಗಾದಿಮನಿ_ಹುಡುಗಿ
ದಿಲ್ಲಿಗೆ ಅವ್ವ ಕಳಸೂದಿಲ್ರಿ. ಬೆಂಗಳೂರಿಗೆ ಅಂದ್ರನ ಎರಡು ದಿನ ಊಟ ಬಿಟ್ಟಿದ್ಲು. ಆದ್ರೂ ಬರದು ಇಟಗೋತೀನಿ.

ಗಾದಿಮನಿ_ಹುಡುಗಿ
ಮೂರು ವಾರ ಆತ್ರಿ, ಏನೇನಾತು ಹೇಳ್ತೀನಿ.

ಮಾಕ್ ಪೇಪರಿನ ಕಟ್ಟು ಬಂತು, ಅಣ್ಣಾರ ತಂಗಿ ಅಕ್ಕಾರ ಅಕ್ಷರ ಮುತ್ತಿನಂಗ ಅದಾವು. ಮೊದಲನೇ ಪೇಪರಿನ್ಯಾಗ 120ಕ್ಕ 34. ಲೆಕ್ಕದಾಗ ಮಾತ್ರ 12ಕ್ಕ 11, ಯಾಕಂದ್ರ ಗಾದಿ ಲೆಕ್ಕ ನಾನ ಮಾಡೂದು, ಡಬಲ್ ಗಾದಿಗೆ 16 ಕೆಜಿ ಹತ್ತಿ, ಹಿಂಜಿದ ಮ್ಯಾಲ ಇಷ್ಟು ಕಸ ಹೋಗ್ತೈತಿ, ಕೂಲಿ ಇಷ್ಟು, ಗಿರಾಕಿ ಚೌಕಾಶಿ ಮಾಡಿದ್ರ ಎಷ್ಟಕ್ಕ ನಿಲ್ಲಿಸಬೇಕು, ಇದ ಪರ್ಸಂಟೇಜು ರೇಶಿಯೋ ಅಂತ ಈಗ ತಿಳೀತು.

ಲೀಗಲ್‌ದಾಗ ಒಂದು ಪ್ಯಾಸೇಜು ಬಾಡಿಗಿದಾರ ಮಾಲಕರ ಬಗ್ಗೆ ಬಂದಿತ್ತು. ಇದು ನನಗ ಗೊತ್ತಿದ್ದ ವಿಷಯ ಅಂತ ಖುಷೀಲೆ ಮಾಡಿದೆ, ಐದಕ್ಕ ಐದೂ ತಪ್ಪು. ಟೀಚರಿಗೆ ಫೋಟೋ ಕಳಿಸಿದ್ದೆ.

ತಹಶೀಲ್ದಾರ್ ಆಫೀಸಿಗೆ ನಾಕು ಸಲ ಹೋದೆ. ಮೊದಲನೇ ಸಲ ಕೇಂದ್ರದ ನಮೂನೆ ಅಂತ ಮೂರು ಸಲ ಹೇಳಿದೆ, ಕಪ್ಪುಕೋಟು ಅಣ್ಣಾರು ಹೇಳಿದಂಗ. ಆದ್ರೂ ರಾಜ್ಯದ್ದ ಕೊಟ್ಟರು. ಎರಡನೇ ಸಲ ಸರ್ವರ್ ಇಲ್ಲ. ಮೂರನೇ ಸಲ ನನ್ನ ಸಾಲಿ ದಾಖಲಾದಾಗ "ನದಾಫ" ಐತಿ, ಅಪ್ಪಾರ ಜಾತಿ ಸರ್ಟಿಫಿಕೇಟಿನ್ಯಾಗ "ಪಿಂಜಾರ" ಐತಿ, ಎರಡೂ ಬ್ಯಾರೆ ಬ್ಯಾರೆ ಅಂದ್ರು. ಒಂದ ಅಂತ ಪಟ್ಟಿ ತೆಗದು ಫೋನಿನ್ಯಾಗ ತೋರಿಸಿದೆ. ಅಲ್ಲಿದ್ದ ಅಕ್ಕಾರು ಓದಿ, ನೀನು ಲಾ ಓದಾಕಿ ಏನು ಅಂದ್ರು. ಇನ್ನಾ ಇಲ್ರಿ ಅಂದೆ. ನಾಕನೇ ಸಲಕ್ಕ ಬಂತು.

ಹಾಸನ_ಟೀಚರ್
ಆ ಐದು ತಪ್ಪಿನ ಬಗ್ಗೆ ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಇಲ್ಲೇ ಹೇಳ್ತೀನಿ. ಪ್ಯಾಸೇಜಲ್ಲಿ ಒಂದು ರೂಲ್ ಕೊಟ್ಟಿದ್ರು, ಬಾಡಿಗೆ ಕಟ್ಟಿಲ್ಲ ಅಂದ್ರೆ ಇಷ್ಟು ದಿನದ ನೋಟಿಸ್ ಕೊಟ್ಟು ಬಿಡಿಸಬಹುದು ಅಂತ. ಪ್ರಶ್ನೆಯಲ್ಲಿ ಒಬ್ಬ ಬಡ ಅಂಗಡಿಯವನು, ಹೆಂಡತಿಗೆ ಹುಷಾರಿಲ್ಲ, ಬಾಡಿಗೆ ತಡ ಆಗಿದೆ. ಇವಳು ಐದರಲ್ಲೂ ಅಂಗಡಿಯವನನ್ನ ಗೆಲ್ಲಿಸಿದಾಳೆ! ಕ್ಲಾಟಲ್ಲಿ ಆ ಹೆಂಡತಿಯ ಕಾಯಿಲೆ ನಿನ್ನ ದಾರಿ ತಪ್ಪಿಸೋಕೆ ಅಂತಲೇ ಇಟ್ಟಿರ್ತಾರೆ. ರೂಲು ಏನು ಹೇಳುತ್ತೆ ಅಷ್ಟೇ ನೋಡ್ಬೇಕು, ನಿನಗೆ ಗೊತ್ತಿರೋ ಕಾನೂನೂ ಬೇಡ, ನಿನಗೆ ಅನ್ನಿಸಿದ ನ್ಯಾಯವೂ ಬೇಡ, ಅದನ್ನೆಲ್ಲ ಎರಡು ಗಂಟೆ ಹೊರಗಿಟ್ಟು ಹೋಗು, ವಾಪಸ್ ಬರುವಾಗ ತಗೊಂಡು ಬಾ.

ಕಪ್ಪುಕೋಟು_ಹುಬ್ಳಿ
ತಗೊಂಡು ಬರೂದು ಮಾತ್ರ ಮರೀಬ್ಯಾಡ, ನಮ್ಮವರು ಭಾಳ ಮಂದಿ ಅಲ್ಲೇ ಬಿಟ್ಟು ಬಂದಾರ.

ಸರ್ಟಿಫಿಕೇಟಿನ ತಾರೀಖು ನೋಡಿದೇನು? ಈ ಹಣಕಾಸು ವರ್ಷದ್ದ ಇರಬೇಕು. ಮತ್ತ ಅರ್ಜಿ ತುಂಬೂ ಮುಂದ ಓಬಿಸಿ ಅಂತ ಅಷ್ಟ ಟಿಕ್ ಮಾಡಿ ಬಿಡಬ್ಯಾಡ, ಕರ್ನಾಟಕ ಸ್ಟೂಡೆಂಟ್ ಅನ್ನೂದಕ್ಕೂ ಮಾಡಬೇಕು. 10 ವರ್ಷ ಓದಿದ ಸರ್ಟಿಫಿಕೇಟು ಸಾಲಿಯಿಂದ ಈಗಲೇ ಇಸಗೋ.

ಗಾದಿಮನಿ_ಹುಡುಗಿ
7ನೇತ್ತದ ತನಕ ಒಂದು ಸಾಲಿ, ಆಮ್ಯಾಲ ಹೈಸ್ಕೂಲು ಬ್ಯಾರೆ ಊರು. ಎರಡೂ ಕಡಿ ತರಬೇಕೇನ್ರಿ ಅಣ್ಣಾರ? ಪ್ರೈಮರಿ ಸಾಲಿ ಹೆಡ್‌ಮಾಸ್ತರು ಬ್ಯಾಡ ಬ್ಯಾಡ ಅಂದ್ರೂ ಚಾ ಕುಡಸ್ತಾರ, ಅಲ್ಲಿಂದ ತಡಾ ಇಲ್ಲ. ಹೈಸ್ಕೂಲಿಂದ ಕಷ್ಟ.

ಕಪ್ಪುಕೋಟು_ಹುಬ್ಳಿ
ಎರಡೂ ತಾ. ಪಿಯು ಕಾಲೇಜಿಂದೂ ತಾ. ಆ ನಕ್ಕ ಸರ್ರ ಕಡಿಂದನs ಸಹಿ ಮಾಡಿಸು.

ಗಾದಿಮನಿ_ಹುಡುಗಿ
😄 ಆತ್ರಿ.

ಟೀಚರ, ಈ ಭಾನುವಾರದ್ದು. ಸಂಪಾದಕೀಯ 26 ನಿಮಿಷ. ಮಾಕ್ 51. ಮತ್ತ ಒಂದು ಬಾಡಿಗಿ ಪ್ಯಾಸೇಜು ಬಂದಿತ್ತು, ಐದಕ್ಕ ನಾಕು ಸರಿ.

ಹಾಸನ_ಟೀಚರ್
ಈ ಸಲ ಯಾರ ಕಡೆ ನಿಂತೆ?

ಗಾದಿಮನಿ_ಹುಡುಗಿ
ಪ್ಯಾಸೇಜಿನ ಕಡಿ ರೀ. ಒಂದರಾಗ ಮಾತ್ರ ತಡಕೊಳ್ಳಾಕ ಆಗಲಿಲ್ಲ.

ತುಮಕೂರು_ಟೈಲ್ಸ್
ತಂಗಿ, 16 ಕೆಜಿ ಡಬಲ್ ಗಾದಿ ಎಷ್ಟು ಬೀಳುತ್ತೆ, ತುಮಕೂರಿಗೆ ಕಳಿಸ್ತಾರಾ ಅಪ್ಪ? ಹಳೇದು ಮಧ್ಯದಲ್ಲಿ ಗುಳಿ ಬಿದ್ದಿದೆ.

ಗಾದಿಮನಿ_ಹುಡುಗಿ
ಹಳೇದ್ದ ಹತ್ತಿ ಛಲೋ ಇದ್ರ ಹೊಸಾದು ಯಾಕ್ರಿ, ಹಿಂಜಿ ಮತ್ತ ಹೊಲದ್ರ ಅರ್ಧಾ ರೊಕ್ಕದಾಗ ಆಗ್ತೈತಿ. ಫೋಟೋ ಹಾಕ್ರಿ, ಅಪ್ಪಾರಿಗೆ ತೋರಿಸ್ತೀನಿ.